ಚಿಕ್ಕಮ್ಮನ ಚಿಮಟ

ಮಧ್ಯಾಹ್ನ ಎರಡೂಕಾಲಿಗೆ ಚಿಕ್ಕಮ್ಮ ತನ್ನ ಐಸ್‌ಕ್ರೀಮ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಫ್ರೀಜರಿನ ಮಂಜನ್ನು ಮರದ ಸೌಟಿನಿಂದ ಕೆರೆಯುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಬಾಗಿಲಲ್ಲಿ ಅವಳ ಭಾವ, ಅಂದರೆ ಚಿಕ್ಕಪ್ಪನ ಅಣ್ಣ, ಬಂದು ನಿಂತರು. ಕೈಯಲ್ಲಿ ಜೇನಿಲ್ಲದ ಖಾಲಿ ಮೇಣದ ಎರಿಗಳಿದ್ದ ಜೇನುಪೆಟ್ಟಿಗೆ, ಮುಖದಲ್ಲಿ ಎಂದೂ ಕಾಣದ ವಿನಯ.

"ಎರಿಗೆ ಮೇಣದ ಹುಳ ಬಿದ್ದಿದೆ ಕಣಮ್ಮಾ. ಇವು ಹೋದರೆ ಈ ಸಲದ ಜೇನೂ ಹೋಯ್ತು. ನಿನ್ನ ಫ್ರೀಜರಲ್ಲಿ ಸ್ವಲ್ಪ ಜಾಗ..."

ಚಿಕ್ಕಮ್ಮ ತಿರುಗಲಿಲ್ಲ. ಸೌಟಿನ ಸದ್ದು ಜೋರಾಯಿತು.

ಚಿಕ್ಕಮ್ಮನೂ ಜೇನು ಸಾಕುವವಳು. ಹಿಂದಿನ ವರ್ಷ ಇದೇ ಭಾವ, "ನಿನ್ನ ಖಾಲಿ ಎರಿ ನನ್ನ ಗೋದಾಮಲ್ಲಿರಲಿ, ಬೆಚ್ಚಗೆ ಭದ್ರವಾಗಿರುತ್ತೆ" ಎಂದು ಒತ್ತಾಯಿಸಿ ಒಯ್ದಿದ್ದರು. ಆ ಹುಳದ ತಾಯಿಯಾದ ಮೇಣದ ಪತಂಗಕ್ಕೆ ಬೇಕಾದದ್ದೂ ಅದೇ: ಕತ್ತಲೆ, ಬಿಸುಪು, ಕಾವಲಿಗೆ ಜೇನುನೊಣಗಳಿಲ್ಲದ ಎರಿ. ಹೂವಿನ ಕಾಲಕ್ಕೆ ತೆರೆದು ನೋಡಿದರೆ ಬಲೆ, ಹಿಕ್ಕೆ, ಮಿಸುಕುವ ಬಿಳಿ ಹುಳುಗಳು. ಸಿದ್ಧ ಎರಿ ಇಲ್ಲದೆ ನೊಣಗಳು ಹೊಸದಾಗಿ ಮೇಣ ಕಟ್ಟುತ್ತ ಕೂತವು. ಅಷ್ಟರಲ್ಲಿ ಹೂವೇ ಮುಗಿಯಿತು. ಒಂದು ಎರಿಯಾದರೂ ಉಳಿಯಲೆಂದು ಚಿಕ್ಕಮ್ಮ ಹುಬ್ಬಿನ ಚಿಮಟ ಹಿಡಿದು ಹುಳುಗಳನ್ನು ಒಂದೊಂದಾಗಿ ಹೆಕ್ಕಿದ್ದಳು. ಉಳಿಯಲಿಲ್ಲ. ಎಷ್ಟು ಹೆಕ್ಕಿದೆನೆಂದು ಊಟದ ಮೇಜಿನಲ್ಲಿ ಹೇಳಿದಾಗ ಭಾವ ಎಲ್ಲರೆದುರು ನಕ್ಕಿದ್ದರು.

"ಹುಳಕ್ಕೆ ಹಾಜರಿ ಕರೆದೆಯಾ? ಹೆಸರೂ ಇಟ್ಟೆಯೋ?"

ಚಿಕ್ಕಮ್ಮ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮರುವಾರವೇ ಮೂಲೆಗೆ ಬಿದ್ದಿದ್ದ ಫ್ರೀಜರನ್ನು ರಿಪೇರಿ ಮಾಡಿಸಿ, ಎರಿಗಳಿಗೆಂದೇ ಮೀಸಲಿಟ್ಟಳು. ಅವಳು ಜಗಳವಾಡುವವಳಲ್ಲ. ಕೋಪವನ್ನೂ ಐಸ್‌ಕ್ರೀಮಿನ ಹಾಗೆ ಕರಗದಂತೆ ಕಾಪಾಡಿಕೊಳ್ಳುವವಳು.

"ಜಾಗಕ್ಕೇನು ಭಾವ, ಬನ್ನಿ," ಎಂದು ಈಗ ಸ್ಟೂಲನ್ನು ಮುಂದಿನ ಕೋಣೆಗೆ ಎಳೆದು, ಗಿರಾಕಿಗಳಿಗೆ ಚೆನ್ನಾಗಿ ಕಾಣುವಂತೆ ಗಲ್ಲಾದ ಪಕ್ಕ ಹಾಕಿದಳು. "ಆದರೆ ಹುಳ ಹೆಕ್ಕದೆ ಒಳಗಿಡೋ ಹಾಗಿಲ್ಲ." ಕೊಟ್ಟದ್ದು ಅದೇ ಚಿಮಟ.

"ಒಂದೊಂದಾಗಿಯಾ?"

"ಮತ್ತೆ? ಸೌಟಲ್ಲಿ ಬಳಿಯೋಕೆ ಅದೇನು ಐಸ್‌ಕ್ರೀಮಾ? ಜೋರಾಗಿ ಎಣಿಸಿ ಭಾವ, ನನಗೆ ಕಿವಿ ಮಂದ."

ಅವಳಿಗೆ ಕಿವಿ ಮಂದವೆಂಬುದು ನನಗೂ ಅಂದೇ ತಿಳಿದದ್ದು. ನಾನು ಪ್ರಾಣಿಶಾಸ್ತ್ರ ಓದಿದವಳು. ಮೈನಸ್ ಹದಿನೈದು ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮೊಟ್ಟೆ, ಹುಳು, ಪತಂಗ ಯಾವುದೂ ಬದುಕದು. ಹೆಕ್ಕುವ ಅಗತ್ಯವೇ ಇಲ್ಲ. ಹೇಳಲು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಕೈಗೊಂದು ಐಸ್‌ಕ್ರೀಮ್ ಕಪ್ ಇಟ್ಟಳು.

"ತಿನ್ನು."

ತಿಂದೆ.

ಗಿರಾಕಿಗಳು ಕೋನು ನೆಕ್ಕುತ್ತ ಭಾವನನ್ನೇ ನೋಡಿದರು. "ಏನ್ ಸಾರ್, ಹೊಸ ಫ್ಲೇವರಾ?" ಎಂದ ಒಬ್ಬ. ನೂರು ದಾಟುವಷ್ಟರಲ್ಲಿ ಭಾವನ ಕನ್ನಡಕ ಮೂಗಿನ ತುದಿಗಿಳಿದಿತ್ತು, ದನಿ ಪಾತಾಳಕ್ಕೆ.

"ತಪ್ಪಾಯ್ತು ತಾಯಿ, ಅವತ್ತು ನಗಬಾರದಿತ್ತು. ಇನ್ನೂ ಎಲ್ಲೀತನಕ ಎಣಿಸಲಿ?"

ಚಿಕ್ಕಮ್ಮ ಗಲ್ಲಾ ಒರೆಸುತ್ತ, ಅಂದು ಊಟದ ಮೇಜಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು.

"ನಾನೂರ ಹನ್ನೆರಡು."