ಸೌದೆ ಡಿಪೋದ ಸಾಹುಕಾರರ ಕಾಲು

ಮೊನ್ನೆ ಯಾರದೋ ಅಂಗಳದಲ್ಲಿ ಮಾವಿನ ಕೊರಡು ಸೀಳುತ್ತಿದ್ದರು. ಹಸಿ ಸೌದೆಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ, ಮಂಗಳೂರಿನ ಕುದ್ರೋಳಿಯಲ್ಲಿ ನಮ್ಮ ನೆರೆಮನೆಯವರಾಗಿದ್ದ ಬ್ಯಾರಿ ಸಾಹುಕಾರರು ನೆನಪಾದರು...

ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಅಲ್ಲಿಗೆ ಬಂದಾಗ ಅವರ ಸೌದೆ ಡಿಪೋ ಜೋರಾಗಿತ್ತು. ಆನೆಯಂಥ ಆಳು, ಮಾತು ಮಾತ್ರ ಮೆತ್ತಗೆ. ಸಕ್ಕರೆ ಕಾಯಿಲೆಯಿತ್ತು, ಅದನ್ನವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ಪಾದಗಳಲ್ಲಿ ಉರಿ ಶುರುವಾಯಿತು. ಕೆಂಡದ ಮೇಲೆ ನಿಂತ ಹಾಗಂತೆ. ಹೊದಿಕೆ ತಾಗಿದರೂ ಚೀರುತ್ತಿದ್ದರು. ಗಾಯವಿಲ್ಲ, ಬಾವಿಲ್ಲ, ಯಾರೂ ನಂಬಲಿಲ್ಲ. ಆ ಮೆತ್ತಗಿನ ಮನುಷ್ಯ ಬಾಗಿಲು ಒಡೆದರು, ತುಂಬಿದ ಕೊಡ ಎತ್ತಿ ಅಂಗಳಕ್ಕೆ ಅಪ್ಪಳಿಸಿದರು. ಎಣ್ಣೆ ಹಚ್ಚಲು ಬಂದ ಹೆಂಡತಿಯ ಕೈ ಮುರಿದರು... ಮುರಿದ ಮೇಲೆ ತಾವೇ ಗೋಡೆಗೆ ತಲೆ ಚಚ್ಚಿಕೊಂಡು ಅತ್ತರು.

ಒಂದು ಮಧ್ಯಾಹ್ನ ಡಿಪೋದಿಂದ ಕಿರುಚಾಟ ಕೇಳಿ ನಾವು ಓಡಿದೆವು. ಸಾಹುಕಾರರು ಕೊರಡಿನ ಮೇಲೆ ತಮ್ಮ ಬಲಗಾಲಿಟ್ಟು ಕೊಡಲಿ ಎತ್ತಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಹೆಂಡತಿ ಆ ಕಾಲಿನ ಮೇಲೆಯೇ ಕವುಚಿ ಬಿದ್ದಿದ್ದರು. ಆ ಭಾರಕ್ಕೆ ನೋವು ಉಕ್ಕಿ ಸಾಹುಕಾರರು ಅಬ್ಬರಿಸಿದರು.

"ಏಳು! ಇಲ್ಲದಿದ್ದರೆ ನಿನ್ನನ್ನೂ ಕಡಿತೇನೆ!"

"ಕಡೀರಿ. ನಾನು ಏಳುವುದಿಲ್ಲ."

ನನ್ನ ಗಂಡ ಸಾಹುಕಾರರ ತೋಳಿಗೆ ಜೋತುಬಿದ್ದರು. ಕೊಡಲಿ ವಾಲಿ, ಆಕೆಯ ಹೆಗಲನ್ನು ಸೀಳಿಕೊಂಡು ಹೋಗಿ ಕೊರಡಿಗೆ ಕಚ್ಚಿತು. ರಕ್ತ ಚಿಮ್ಮಿತು. ಆಳುಗಳೆಲ್ಲ ಸೇರಿ ಸಾಹುಕಾರರನ್ನು ಕೆಡವಿ ಹಗ್ಗದಲ್ಲಿ ಬಿಗಿದರು.

"ಕಟ್ಟಬೇಡಿ ಮಾರಾಯ್ರೇ, ಕಾಲು ಉರೀತಾ ಉಂಟು..." ಎಂದು ಅವರು ಗೋಗರೆದರು.

ಡಾಕ್ಟರು ಬಂದು ಆಕೆಯ ಹೆಗಲಿಗೆ ಹೊಲಿಗೆ ಹಾಕಿ, ಸಾಹುಕಾರರ ಕಾಲು ನೋಡಿ, "ಇದು ಹುಚ್ಚಲ್ಲ, ಸಕ್ಕರೆ ಕಾಯಿಲೆ ಕಾಲಿನ ನರ ತಿಂದಿದೆ" ಎಂದರು. ಇಂಜೆಕ್ಷನ್ ಶುರುವಾಯಿತು.

ಒಂದೆರಡು ವರ್ಷಗಳಲ್ಲಿ ಉರಿ ತಾನಾಗಿ ನಿಂತಿತು. ಆ ಸಂತೋಷಕ್ಕೆ ನಮ್ಮ ಮನೆಗೂ ತುಪ್ಪದನ್ನ ಬಂತು. ನೋವಿನ ಜೊತೆ ಸ್ಪರ್ಶವೂ ಹೋಗಿದೆಯೆಂದು ಯಾರಿಗೆ ಗೊತ್ತಿತ್ತು? ಅಂಗಾಲಿಗೆ ಹೊಕ್ಕ ಸೌದೆಯ ಸಿಬಿರು ಅಲ್ಲೇ ಉಳಿದು ಕೊಳೆಯಿತು. ನಾತ ಬಂದಾಗಲೇ ತಿಳಿದದ್ದು. ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿದರೂ ನಂಜು ಬಿಡಲಿಲ್ಲ, ಅವರು ತೀರಿಕೊಂಡರು.

ಹೆಂಡತಿ ನನ್ನೆದುರು ಅಳಲಿಲ್ಲ. "ಬೊಬ್ಬೆ ಹೊಡೆಯುವಾಗ ಬದುಕಿದ್ದರು, ತಂಗೀ. ಸುಮ್ಮನಾದಾಗ ನಾನು ಖುಷಿಪಟ್ಟೆ. ಎಂತ ಮಾಡುವುದು..." ಎಂದರು.

ಈಗ ಆ ಇಬ್ಬರೂ ಇಲ್ಲ. ಡಿಪೋ ಇದ್ದಲ್ಲಿ ಫ್ಲ್ಯಾಟು ಎದ್ದಿದೆ. ನನಗೂ ಸಕ್ಕರೆ ಕಾಯಿಲೆ ಬಂದಿದೆ. ಕಳೆದ ವಾರ ಡಾಕ್ಟರಮ್ಮ ನನ್ನ ಕಾಲಿನ ಹೆಬ್ಬೆರಳಿಗೆ ಮೊನಚಾದದ್ದೇನೋ ತಾಗಿಸಿದರು. ನನ್ನ ಕಣ್ಣು ತುಂಬಿತು.

"ಎಂತ ಅಜ್ಜಿ, ನೋವಾಯ್ತಾ?"

"ಆಯ್ತು ಮಗಾ," ಎಂದೆ, "ಪುಣ್ಯಕ್ಕೆ, ಆಯ್ತು."