ರೊಟ್ಟಿಯ ನಂಬರಿಗೆ ಬಂದ ಸಂಬಂಧಗಳು

ಅಣ್ಣಿಗೇರಿಯಲ್ಲಿ ನಮ್ಮ ಅತ್ತೆಯ ಖಡಕ್ ರೊಟ್ಟಿಗೆ ಜಾಹೀರಾತು ಬೇಕಾಗಿಯೇ ಇರಲಿಲ್ಲ. ಇದು ನನ್ನ ಮಾತಲ್ಲ, ಅತ್ತೆಯದೇ. ಆದರೂ ದೀಪಾವಳಿಗೆ ಮುಂಚೆ ಪ್ರೆಸ್ಸಿನವರು ತಮ್ಮ ಡೈರೆಕ್ಟರಿ ಪುಸ್ತಕಕ್ಕೆ ಜಾಹೀರಾತು ಕೇಳಲು ಬಂದರೆಂದರೆ ಅವರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಫೋಟೋಕ್ಕೆ ಕೂತುಬಿಡುತ್ತಿದ್ದರು.

ಡೈರೆಕ್ಟರಿ ಎಂದರೆ ಸುತ್ತಲಿನ ಊರುಗಳ ಅಂಗಡಿ, ದವಾಖಾನೆ, ಪೆಂಡಾಲು, ಟ್ರ್ಯಾಕ್ಟರ್ ರಿಪೇರಿ ಎಲ್ಲದರ ಫೋನ್ ನಂಬರ್ ಇರುವ ಹಳದಿ ರಟ್ಟಿನ ಪುಸ್ತಕ. ಕಿರಾಣಿ ಅಂಗಡಿಗಳಲ್ಲಿ ತಕ್ಕಡಿಯ ಬಾಜು ಮೊಳೆಗೆ ದಾರ ಕಟ್ಟಿ ಅದನ್ನು ತೂಗುಬಿಟ್ಟಿರುತ್ತಾರೆ. ಅತ್ತೆ ಎಣ್ಣೆ ತರಲು ಹೋದಾಗಲೆಲ್ಲ ತಮ್ಮ ಪುಟ ತೆರೆದಿಟ್ಟು ಬರುತ್ತಿದ್ದರು.

ಆ ವರ್ಷ ನಾನು ತಕರಾರು ತೆಗೆದೆ. ಹುಬ್ಬಳ್ಳಿಯಲ್ಲಿ ಬಿಕಾಂ ಓದಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಓದಿದ್ದಕ್ಕೆ ಏನಾದರೂ ಮಾಡಿ ತೋರಿಸಬೇಕೆಂಬ ಹುಕಿ.

“ಅತ್ತಿ, ಈಗ ಬುಕ್ ಯಾರ್ ನೋಡ್ತಾರ್ರಿ? ಎಲ್ಲಾರೂ ಮೊಬೈಲ್‌ನ್ಯಾಗ ಹುಡುಕ್ತಾರ. ಅಲ್ಲಿ ಹಾಕೂಣು.”

“ಚಾರ್ಜ್ ಹೋತಂದ್ರ ನಿನ್ನ ಮೊಬೈಲ್‌ನ್ಯಾಗ ರೊಟ್ಟಿನೂ ಇಲ್ಲ, ನಾನೂ ಇಲ್ಲ. ಬುಕ್ಕಿನ್ಯಾಗ ಕರೆಂಟ್ ಹೋದ್ರೂ ಇರ್ತೇನಿ.”

ಕಡೆಗೆ ಅತ್ತೆ ಪುಸ್ತಕಕ್ಕೆ ಕೊಟ್ಟರು, ನಾನು ಆನ್‌ಲೈನ್‌ನಲ್ಲಿ ಹಾಕಿದೆ. ಯಾರ ಜಾಹೀರಾತು ಹೆಚ್ಚು ಗಿರಾಕಿ ತರುತ್ತದೆ ನೋಡೇಬಿಡೋಣ ಎಂದು ನನ್ನ ಗಂಡ ಹೇಳಿ ತಾನು ಪಾರಾದ.

ಪುಸ್ತಕ ಬಂದ ವಾರದಲ್ಲೇ ಅತ್ತೆಯ ಫೋನ್ ರಿಂಗಾಯಿತು. ನನಗೂ ಕೇಳಲಿ ಎಂದು ಅವರು ಸ್ಪೀಕರ್ ಹಾಕಿಯೇ ಮಾತಿಗಿಳಿದರು.

“ನಿಮ್ಮಲ್ಲಿ ಚಲೋ ಚಲೋ ಅದಾವಂತ ಬುಕ್ಕಿನ್ಯಾಗ ನೋಡಿದ್ವಿರಿ,” ಎಂದ ಆ ಕಡೆಯ ಹಿರಿಯ. “ಸ್ವಲ್ಪ ಬಿಳೀದು ಇದ್ರ ಚಲೋ ಆಗ್ತಿತ್ತು.”

“ನಮ್ಮಲ್ಲೆ ಎಲ್ಲಾ ಬಿಳೀವ ರಿ. ಖಡಕ್ ಬೇಕೋ, ಮೆತ್ತಗಿನ್ವು ಬೇಕೋ?”

ಆತ ದನಿ ತಗ್ಗಿಸಿದ. “ಮೆತ್ತಗಿದ್ರನ ಬೇಶಿ ರಿ. ಖಡಕ್ ಅಂದ್ರ ನಮ್ಮನ್ಯಾಗ ನಮ್ಮಾಕಿನ ಅದಾಳ.”

“ಎಷ್ಟ್ ಬೇಕ್ರಿ?”

“ಒಂದ ಸಾಕ್ರಿ! ನಮಗಿರಾಂವ ಒಬ್ಬನ ಮಗ.”

“ಒಂದಕ್ಕ ಯಾರರ ಫೋನ್ ಮಾಡ್ತಾರೇನ್ರಿ?” ಎಂದು ಅತ್ತೆ ಸಿಟ್ಟಿನಿಂದ ಫೋನ್ ಇಟ್ಟರು.

ನಾನು ಓಡಿ ಹೋಗಿ ಪುಸ್ತಕ ತೆರೆದೆ. ಅತ್ತೆಯ ಫೋಟೋದ ಪಕ್ಕದ ಪುಟದಲ್ಲೇ ನವಲಗುಂದದ ಒಂದು ವಧು-ವರ ಕೇಂದ್ರದ ಜಾಹೀರಾತಿತ್ತು. ನಿವೃತ್ತ ಮಾಸ್ತರರೊಬ್ಬರು ಅದನ್ನು ನಡೆಸುತ್ತಿದ್ದರು. ಪ್ರೆಸ್ಸಿನಲ್ಲಿ ಎರಡೂ ನಂಬರು ಅದಲುಬದಲಾಗಿದ್ದವು. ಸಂಜೆಗೆ ಮಾಸ್ತರರದೇ ಫೋನ್ ಬಂತು.

“ಅಕ್ಕಾರ, ಯಾರೋ ಬಸರಿ ಮಗಳ ಕುಬಸದ ಕಾರ್ಯಕ್ಕ ನೂರು ಬೇಕಂದ್ರು. ನಾನು ಮೊದಲ ಜಾತಕ ಕಳಸ್ರಿ ಅಂದೆ. ಬೈದು ಇಟ್ಟರು. ಬಹುಶಃ ನಿಮ್ಮ ಗಿರಾಕಿ.”

ಪ್ರೆಸ್ಸಿನವರನ್ನು ಕೇಳಿದರೆ ಅವರದು ಒಂದೇ ಮಾತು: “ಅಚ್ಚಾಗಿದ್ದು ಅಚ್ಚಾತ್ರಿ. ಮುಂದಿನ ವರ್ಷ ತಿದ್ದೂಣು.” ಅಷ್ಟರಲ್ಲಿ ಪುಸ್ತಕಗಳು ಗುಡಗೇರಿ, ಬಮ್ಮಿಗಟ್ಟಿಯವರೆಗೆ ಹೋಗಿ ಮೊಳೆಗೆ ಜೋತುಬಿದ್ದಾಗಿತ್ತು.

ನಾನು ಗೆದ್ದೆ ಎಂದುಕೊಂಡೆ. ಎಲ್ಲಿ ಗೆದ್ದೆ! ಹೆಣ್ಣು ಹುಡುಕುವವರು ಪುಸ್ತಕದಲ್ಲಿದ್ದ ನಂಬರನ್ನು ಮೊಬೈಲಿನಲ್ಲಿ ಹಾಕಿ ನೋಡಿದರೆ ನಾನು ಮಾಡಿಟ್ಟಿದ್ದ ರೊಟ್ಟಿಯ ಪುಟವೇ ತೆರೆಯುತ್ತಿತ್ತು. ಒಬ್ಬ ಅದರ ಕೆಳಗೆ ಬರೆದ: “ರೊಟ್ಟಿ ಉತ್ತಮ. ಹುಡುಗಿ ಇನ್ನೂ ತೋರಿಸಿಲ್ಲ.” ಕೊಟ್ಟದ್ದು ಮೂರು ನಕ್ಷತ್ರ. ಇನ್ಯಾರೋ ಉಪಕಾರ ಮಾಡುವವರಂತೆ ನಮ್ಮ ವ್ಯಾಪಾರದ ಬಗೆಯನ್ನೇ ‘ವಧು-ವರ ಕೇಂದ್ರ’ ಎಂದು ತಿದ್ದಿದರು. ನಾನು ಮತ್ತೆ ‘ರೊಟ್ಟಿ’ ಎಂದು ಮಾಡಿದರೆ ನಾಲ್ಕು ದಿನ ನಿಂತು ಮತ್ತೆ ವಧು-ವರರೇ ಬಂದು ಕೂರುತ್ತಿದ್ದರು.

“ಬುಕ್ಕಿನ್ಯಾಗ ತಪ್ಪಾದ್ರ ವರ್ಷಕ್ಕೊಮ್ಮೆ,” ಎಂದರು ಅತ್ತೆ, ಹಿಟ್ಟು ನಾದುತ್ತ. “ನಿಂದು ದಿನಾ ಹೊಸಾದು.”

ಬರಬರುತ್ತ ಅತ್ತೆಗೆ ಈ ಫೋನುಗಳ ರುಚಿ ಹತ್ತಿತು. ಮಾಸ್ತರರ ನಂಬರ್ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಅವರು ಹಾಗೆ ಬಿಡುವವರಲ್ಲ. ಹುಡುಗ ಏನು ಓದಿದ್ದಾನೆ, ಹೊಲ ಕಪ್ಪು ಎರೆಯೋ ಕೆಂಪು ಮಸಾರಿಯೋ, ತಾಯಿಗೆ ಸಿಟ್ಟು ಎಷ್ಟು, ಎಲ್ಲ ವಿಚಾರಿಸಿ, ಕೊನೆಗೆ ಅಗಸಿ ಚಟ್ನಿಯನ್ನೂ ಮಾರಿ, ಆಮೇಲೆ ನಂಬರ್ ಕೊಡುತ್ತಿದ್ದರು. ಸಂಜೆ ಮಾಸ್ತರರು ಫೋನ್ ಮಾಡಿ ಅವತ್ತಿನ ರೊಟ್ಟಿಯ ಗಿರಾಕಿಗಳನ್ನು ಒಪ್ಪಿಸಿದರೆ, ಅತ್ತೆ ವರರನ್ನು ಒಪ್ಪಿಸುವರು. “ಆ ಗುಡಗೇರಿ ಹುಡುಗನ ತಾಯಿ ಭಾಳ ಜೋರದಾಳ, ನೋಡಿ ಮಾಡ್ರಿ” ಎಂದು ತಮ್ಮ ಅಭಿಪ್ರಾಯವನ್ನೂ ಸೇರಿಸುವರು. ಅತ್ತೆ ಇನ್ನೊಬ್ಬರನ್ನು ಜೋರು ಅನ್ನುವುದನ್ನು ಕೇಳಿ ನಾನು ಒಲೆಯ ಕಡೆ ಮುಖ ತಿರುಗಿಸಿ ನಗುತ್ತಿದ್ದೆ.

ನನ್ನ ಮೈದುನ ಮಾತ್ರ ಇದೆಲ್ಲ ಕೇಳಿಸಿದರೂ ಕೇಳಿಸದಂತೆ ಇರುತ್ತಿದ್ದ. ಮೂವತ್ತು ದಾಟಿತ್ತು. ಹೊಲದಲ್ಲಿ ಕಡಲೆ, ಹತ್ತಿ, ಹಿತ್ತಲಲ್ಲಿ ಎಮ್ಮೆ, ಒಳ್ಳೆಯ ದುಡಿಮೆಗಾರ. ಆದರೆ ಒಕ್ಕಲುತನದ ಹುಡುಗ ಎಂದ ಕೂಡಲೇ ಹೆಣ್ಣಿನವರು ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋದವರು ತಿಳಿಸುತ್ತಿರಲಿಲ್ಲ. ಅತ್ತೆ ಅವನ ಹೆಸರನ್ನು ಒಂದು ದಿನವೂ ಮಾಸ್ತರರಿಗೆ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ವರ ಕೇಳುವ ಹುಡುಗಿಯೊಬ್ಬಳ ದನಿ ಬಂತು.

“ಯಾರ ಸಲುವಾಗಿ ಕೇಳಾಕತ್ತೀಯವಾ?” ಎಂದರು ಅತ್ತೆ.

“ನನ್ನ ಸಲುವಾಗೇ ರಿ. ನಮ್ಮಪ್ಪ ಬರೇ ನೌಕರಿಯವ್ರನ್ನ ನೋಡ್ತಾನ. ಅವರು ಊರು ಬಿಡಿಸ್ತಾರ. ನಾ ಎಮ್ಮಿ ಸಾಕಿ ಡೈರಿಗೆ ಹಾಲು ಹಾಕ್ತೀನ್ರಿ. ಅವನ್ನೆಲ್ಲಾ ಮಾರಿ ಫ್ಲ್ಯಾಟಿನ್ಯಾಗ ಕುಂದರಾಕ ನನಗಾಗೂದಿಲ್ಲ. ಒಕ್ಕಲತನ ಮಾಡಾಂವ ಇದ್ರ ಹೇಳ್ರಿ.”

ಅತ್ತೆ ಗಡಬಡಿಸಿ ಮಾಸ್ತರರ ನಂಬರ್ ಹೇಳಿ ಫೋನ್ ಇಟ್ಟರು. ಚಟ್ನಿಯ ಮಾತೂ ಎತ್ತಲಿಲ್ಲ. ಆಮೇಲೆ ಸುಟ್ಟ ರೊಟ್ಟಿಗಳನ್ನು ಒಂದರ ಮೇಲೊಂದು ಇಡುತ್ತ ಬಹಳ ಹೊತ್ತು ಕೂತಿದ್ದರು.

ಸಂಜೆ ಮಾಸ್ತರರು ಕೇಳಿದರು: “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆ ಹುಡುಗಿ ನನ್ನ ಜೋಡಿನೂ ಮಾತಾಡಿದ್ಲು. ನಿಮ್ಮ ಮನ್ಯಾಗೂ ಒಬ್ಬ ಅದಾನಂತ ಕೇಳೇನಿ. ಖರೆ ಏನ್ರಿ?”

“ಅದಾನ್ರಿ.” ಅತ್ತೆಯ ದನಿ ಸಣ್ಣದಾಯಿತು. “ಬ್ಯಾಡ ಅನಿಸ್ಕೊಂಡ ಅನಿಸ್ಕೊಂಡ ಸಾಕಾಗೇತ್ರಿ ಮಾಸ್ತರ್ರ. ಊರ ಮಂದಿ ಮಕ್ಕಳಿಗೆ ಹೆಣ್ಣು ಕೇಳಾಕ ನನಗ ನಾಚ್ಕಿಲ್ಲ. ನನ್ನ ಮಗಗ ಕೇಳಾಕ ಬಾಯಿ ಬರವಲ್ದು.”

“ನೀವು ಕೇಳಬ್ಯಾಡ್ರಿ. ನಾ ಕೇಳ್ತೀನಿ. ನನ್ನ ಉದ್ಯೋಗನ ಅದು.”

ಭಾನುವಾರ ಹುಡುಗಿ ತನ್ನ ತಾಯಿಯೊಂದಿಗೆ ಬರುವುದೆಂದಾಯಿತು. ನಮಗೆ ಹನ್ನೆರಡರ ಸುಮಾರು ಎಂದಿದ್ದರು. ನಾವು ಪಡಸಾಲೆಯಲ್ಲಿ ಜಮಖಾನೆ ಹಾಸಿ, ಹೊಸ ಕಪ್ಪುಗಳನ್ನು ಇಳಿಸಿ ತೊಳೆಯುತ್ತಿದ್ದೆವು. ಮೈದುನನ ಇಸ್ತ್ರಿ ಮಾಡಿದ ಅಂಗಿ ಗೂಟಕ್ಕೆ ತೂಗುತ್ತಿತ್ತು. ಅವರೋ, ಬಿಸಿಲು ಏರುವ ಮೊದಲೇ ಸ್ಕೂಟರಿನಲ್ಲಿ ಹೊರಟು, ಮೊಬೈಲ್ ತೋರಿಸಿದ ದಾರಿಯಲ್ಲಿ ಬಂದಿದ್ದರು. ನಾನು ನಕ್ಷೆಯಲ್ಲಿ ಗುರುತು ಇಟ್ಟದ್ದು ಮುಂಬಾಗಿಲಿಗೆ ಅಲ್ಲ, ಹಿತ್ತಲ ಓಣಿಗೆ ಬಿದ್ದಿತ್ತು ಎಂದು ತಿಳಿದದ್ದು ಅವತ್ತೇ.

ಅಲ್ಲಿ ಮೈದುನ ಹರಿದ ಬನಿಯನ್ನಿನಲ್ಲಿ, ಮೊಣಕಾಲವರೆಗೆ ಸಗಣಿಯಲ್ಲಿ, ಎಮ್ಮೆ ತೊಳೆಯುತ್ತಿದ್ದ. ಸ್ಕೂಟರಿನ ಸಪ್ಪಳ ಕೇಳಿ ನಾನೂ ಅತ್ತೆಯೂ ಹಿಂದಿನ ಬಾಗಿಲಿಗೆ ಓಡಿದಾಗ ಹುಡುಗಿ ಎಮ್ಮೆಯ ಮುಂದೆ ಬಗ್ಗಿ ನಿಂತಿದ್ದಳು.

“ಇದರ ಕಾಲು ಯಾಕ ಹಿಂಗ ಎತ್ತಿ ಇಡತೈತಿ? ಗೊರಸಿನ್ಯಾಗ ಕಲ್ಲಿನ ಹಳ್ಳು ಸಿಕ್ಕೇತೇನ್ರಿ?”

“ನಾನೂ ಅದನ್ನ ನೋಡಾಕತ್ತಿದ್ದೆ,” ಎಂದ ಮೈದುನ. “ಹಿಡ್ಕೊಂತೀರೇನ್ರಿ, ತಗೀತೀನಿ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎಮ್ಮೆಯ ಹಗ್ಗ ಹಿಡಿದಳು. ಅತ್ತೆ ಹಣೆ ಬಡಿದುಕೊಂಡು ನನ್ನನ್ನು ನೋಡಿದರು. ಹುಡುಗಿಯ ತಾಯಿ ಮಾತ್ರ ಕಟ್ಟೆಯ ಮೇಲೆ ಆರಾಮಾಗಿ ಕೂತು, “ಇರ್ಲಿ ಬಿಡ್ರಿ, ಪಡಸಾಲಿಗೆ ಆಮ್ಯಾಲೆ ಹೋಗೂಣು” ಎಂದರು. ಪಡಸಾಲೆಗೆ ಹೋದ ಮೇಲೆ ಆ ಇಬ್ಬರಿಗೆ ಮಾತಾಡಲು ಏನೂ ಉಳಿದಿರಲಿಲ್ಲ. ಇಸ್ತ್ರಿಯ ಅಂಗಿಯನ್ನು ಯಾರೂ ನೋಡಲೇ ಇಲ್ಲ.

ಹುಡುಗಿಯ ತಂದೆಯನ್ನು ಒಪ್ಪಿಸಲು ಮಾಸ್ತರರು ಬಹಳ ಓಡಾಡಿದರು. “ನೌಕರಿ ಇಲ್ಲ” ಎಂದು ಆತ, “ನಿಮ್ಮ ಮಗಳಿಗೂ ಇಲ್ಲಲ್ರಿ, ಆದ್ರೂ ನಿಮ್ಮ ಮನಿ ನಡಸ್ಯಾಳಲ್ಲ” ಎಂದು ಮಾಸ್ತರರು. ಆತ ಒಂದು ದಿನ ತಾನೇ ಬಂದು ನಮ್ಮ ಹೊಲ ಸುತ್ತಾಡಿ, ಕಡಲೆ ಗಿಡ ಕಿತ್ತು ಹಸಿ ಕಾಳು ತಿಂದು, ಆಯಿತು ಎಂದ. ಅವತ್ತು ಅತ್ತೆ ಒಬ್ಬರೇ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಕೇಳಿದ್ದಕ್ಕೆ ಒಲೆಯ ಹೊಗೆ ಎಂದರು. ನಮ್ಮದು ಗ್ಯಾಸಿನ ಒಲೆ.

ಮದುವೆ ಹುಡುಗಿಯ ಊರಲ್ಲೇ ಆಯಿತು. ವರನ ತಾಯಿ ರೊಟ್ಟಿ ಬಡಿಯುವಂತಿಲ್ಲವೆಂದು ಬೀಗರು ಬೇರೆ ಯಾರಿಂದಲೋ ತರಿಸಿದ್ದರು. ಪಂಕ್ತಿಯಲ್ಲಿ ನಾನು ಅತ್ತೆಯ ಪಕ್ಕ ಕೂತಿದ್ದೆ. ಅವರು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮುರಿದು ಸಪ್ಪಳ ಕೇಳಿದರು. ಎಣಗಾಯಿಗೆ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು. ಸುತ್ತಲಿದ್ದ ಬೀಗರೆಲ್ಲ ಊಟ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು.

“ಭಾಳ ಚಲೋ ಆಗ್ಯಾವ್ರಿ,” ಎಂದರು ಅತ್ತೆ, ನಾಲ್ಕು ಜನಕ್ಕೆ ಕೇಳುವಂತೆ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಅಂಚು ದಪ್ಪ” ಎಂದು, ಇನ್ನೊಂದು ಹಾಕಿಸಿಕೊಂಡರು.