ನುಣುಪಣ್ಣನ ತೇಪೆ

ಕಯಾಕ್ ಎಂಬ ಕಿರುದೋಣಿಯ ತಳಕ್ಕೆ ನುಣುಪಣ್ಣ ಹಾಕಿದ ತೇಪೆಯನ್ನು ಕಂಡುಹಿಡಿಯುವ ಕಣ್ಣು ಇನ್ನೂ ಹುಟ್ಟಿಲ್ಲ. ಅದರ ಮೇಲೆ ಕೂತ ನೊಣ ಜಾರಿಬಿದ್ದು ಸೊಂಟ ಮುರಿದುಕೊಳ್ಳುತ್ತದೆ. ಕೆರೆದಂಡೆಯ ಶೆಡ್ಡುಗಳಲ್ಲಿ ಎಲ್ಲರೂ ಹೀಗೆನ್ನುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಅಂದವನು ನುಣುಪಣ್ಣನೇ.

ತೂತಿನ ಸುತ್ತ ಕೆರೆದು, ಫೈಬರ್ ಬಟ್ಟೆಯನ್ನು ಪದರ ಪದರವಾಗಿಟ್ಟು ರೆಸಿನ್ ಅಂಟು ಬಳಿದು, ಗಟ್ಟಿಯಾದ ಮೇಲೆ ನಾಲ್ಕು ಸಲ ಉಜ್ಜಿ ಉಳಿದವರು ಕೈ ತೊಳೆಯುತ್ತಾರೆ. ನುಣುಪಣ್ಣನ ಅಸಲು ಕೆಲಸ ಶುರುವಾಗುವುದೇ ಆಗ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅಂಚು ಸಿಗಬಾರದು. ಸಿಕ್ಕರೆ ಮತ್ತೆ ಉಪ್ಪುಕಾಗದ ಹಿಡಿದು ಉಜ್ಜುವುದು.

ಊರ ಕೆರೆಯ ದೋಣಿ ಪಂದ್ಯಕ್ಕೆ ಮೊದಲು ಅವನ ಮಗಳ ಕಯಾಕೇ ಬಂಡೆಗೆ ಬಡಿದು ತೂತಾಯಿತು. ಮಗಳದ್ದು ಅಂದಮೇಲೆ ಕೇಳಬೇಕೆ? ಉಜ್ಜಿದ, ಉಜ್ಜಿದ, ಎದ್ದ ಧೂಳಿಗೆ ಪಕ್ಕದ ಬೀದಿಯ ಕರಿಬೆಕ್ಕು ಬಿಳಿಬೆಕ್ಕಾಯಿತು.

"ರೀ, ಸಾಕು ಮಾಡ್ರೀ. ದೋಣಿ ಸವೆದು ಚಮಚ ಆಗುತ್ತೆ" ಎಂದಳು ಹೆಂಡತಿ.

"ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು" ಎಂದು ಬಣ್ಣ ಹೊಡೆದ.

ಪಂದ್ಯದ ದಿನ ಊರೆಲ್ಲ ನೋಡುತ್ತಿರುವಾಗ ನಡುನೀರಿನಲ್ಲಿ ತೇಪೆ ಬಾಯಿಬಿಟ್ಟಿತು. ಹಾಕಿದ ಪದರಗಳನ್ನೆಲ್ಲ ಅವನೇ ಉಜ್ಜಿ ತೆಗೆದಿದ್ದ, ಉಳಿದದ್ದು ಬಣ್ಣ. ನೀರು ತುಂಬಿ ಕಯಾಕ್ ಮಗುಚಿತು. ಒಂದು ಉಸಿರಿನಷ್ಟು ಹೊತ್ತು ಫಳಫಳ ಹೊಳೆಯುವ ತಳ ಕಂಡಿತೇ ಹೊರತು ಮಗಳು ಕಾಣಲಿಲ್ಲ. ಆಮೇಲೆ ಕೆಮ್ಮುತ್ತ ಎದ್ದಳು. ಯಾರೋ ಎಳೆದು ದಡಕ್ಕೆ ತಂದರು.

ನುಣುಪಣ್ಣ ಶೆಡ್ಡು ಸೇರಿ ಚಿಲಕ ಹಾಕಿಕೊಂಡ. ಮಗಳ ಎದುರು ಊಟಕ್ಕೆ ಕೂರಲಿಲ್ಲ. ಕನ್ನಡಿ ನೋಡಲು ನಾಚಿಕೆಯಾಗಿ ಗಡ್ಡ ಬಿಟ್ಟ. ಅದು ಬೆಳೆದ ಪರಿಗೆ ಗುಬ್ಬಿಗಳು ಬಾಡಿಗೆಗೆ ಕೇಳಲು ಬಂದವಂತೆ.

ಕೊನೆಗೆ ಮಗಳೇ ಕಯಾಕನ್ನು ದರದರ ಎಳೆದುಕೊಂಡು ಬಂದು ಬಾಗಿಲು ಬಡಿದಳು.

"ಅಪ್ಪಾ, ತೆಗಿ."

"ಬೇರೆ ಯಾರ ಹತ್ರಾನಾದ್ರೂ ಹಾಕಿಸ್ಕೋ ಪುಟ್ಟಿ. ನಾನು ಮುಟ್ಟಲ್ಲ. ಯಾವ ಮುಖ ಇಟ್ಕೊಂಡು ಮುಟ್ಲಿ?"

"ಮುಖ ಯಾರಿಗೆ ಬೇಕು, ಕೈ ತಾ. ನೀನು ಹಾಕಿದ್ರಲ್ಲಿ ಕೂರೋಕೆ ನಂಗೆ ಭಯಾನೇ. ಆದ್ರೂ ನೀನೇ ಹಾಕು."

ಚಿಲಕ ತೆಗೆದ. ತೂತಿಗೆ ಒಳಗಿನಿಂದೊಂದು, ಹೊರಗಿನಿಂದೊಂದು, ಎರಡು ದಪ್ಪ ತೇಪೆ ಹಾಕಿದ. ಅಭ್ಯಾಸಬಲ, ಕೈ ತಾನಾಗಿ ಉಪ್ಪುಕಾಗದದ ಕಡೆ ಹೋಯಿತು. ಮಗಳ ಮುಖ ನೋಡಿ ಹಿಂದಕ್ಕೆಳೆದುಕೊಂಡ.

ಅವಳು ಕೆರೆಯಲ್ಲಿ ದೊಡ್ಡದೊಂದು ಸುತ್ತು ಹೊಡೆದು ಬಂದಳು. ಅವಳು ಇಳಿಯುವ ಮೊದಲೇ ನುಣುಪಣ್ಣ ಕಯಾಕಿನೊಳಗೆ ಕೈ ಹಾಕಿ ತಡವಿದ. ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ. ದಡದ ಮೇಲೆ ಬೋರಲು ಹಾಕಿದಾಗ, ಪಕ್ಕದ ಶೆಡ್ಡಿನಲ್ಲಿ ದೋಣಿಯ ಹುಟ್ಟು ಮಾಡುವ ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಣ್ಣಾ, ಇದು ತೇಪೇನೋ, ದೋಣಿಗೆ ಗಡ್ಡೆ ಎದ್ದಿದ್ಯೋ? ಆಚೆ ದಡಕ್ಕೂ ಕಾಣುತ್ತಲ್ಲಪ್ಪಾ!"

ನುಣುಪಣ್ಣ ಒದ್ದೆ ದೋಣಿಯನ್ನು ಒರೆಸುತ್ತ ಹೇಳಿದ: "ಕಾಣ್ಲಿ ಬಿಡೋ. ಹೋದ ಸಲ ತೇಪೇನೂ ಕಾಣ್ಲಿಲ್ಲ, ಮಗಳೂ ಕಾಣ್ಲಿಲ್ಲ."